ಊಟಕ್ಕೆ ನಿಲ್ಲದ ಡಾಕ್ಟರು

ಮೂವತ್ತೆರಡು. ಪರದೆಯ ಮೇಲೆ ಆ ಅಂಕಿ ಕಂಡಾಗ ಮೇಜರ್ ಇಂಪನಾಗೆ ಖುಷಿಯಾಗಬೇಕಿತ್ತು. ಬೇರೆ ಯಾವ ಡಾಕ್ಟರಾಗಿದ್ದರೂ ಸದ್ಯ ಬದುಕಿದೆ ಎಂದು ಉಸಿರುಬಿಟ್ಟು, ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು, ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಒಂದು ಕಾಫಿ ಕುಡಿದು ಮನೆ ದಾರಿ ಹಿಡಿಯುತ್ತಿದ್ದರು. ಇವಳು ಮಾತ್ರ ಆ ಅಂಕಿಯನ್ನು ಇನ್ನೊಮ್ಮೆ ಓದಿದಳು.

ವಿಷಯ ಇಷ್ಟೇ. ಡಾಕ್ಟರಾದವರು ಐದು ವರ್ಷಕ್ಕೊಮ್ಮೆ ರಾಜ್ಯದ ಕೌನ್ಸಿಲ್ಲಿನಲ್ಲಿ ತಮ್ಮ ನೋಂದಣಿ ನವೀಕರಿಸಿಕೊಳ್ಳಬೇಕು. ಬರೀ ಫೀಸು ಕಟ್ಟಿದರೆ ಆಗುವುದಿಲ್ಲ. ಆ ಐದು ವರ್ಷದಲ್ಲಿ ವೈದ್ಯರ ಉಪನ್ಯಾಸ ಸಭೆಗಳಲ್ಲಿ ಕೂತು ಮೂವತ್ತು ಪಾಯಿಂಟ್ ಕೂಡಿಸಿರಬೇಕು. ಸೈನ್ಯ ಇಂಪನಾಗೆ ಯೂನಿಫಾರ್ಮ್ ಕೊಟ್ಟಿದೆ, ಹುದ್ದೆ ಕೊಟ್ಟಿದೆ, ಅರುಣಾಚಲದ ಗಡಿಯಲ್ಲಿ ಹದಿಮೂರು ಸಾವಿರ ಅಡಿ ಎತ್ತರದ ಮೇಲೆ ಒಂದು ತಗಡಿನ ಆಸ್ಪತ್ರೆಯನ್ನೂ ಕೊಟ್ಟಿದೆ. ಆದರೆ ನೀನು ಡಾಕ್ಟರು ಎಂದು ಹೇಳುವ ಕಾಗದ ಊರಿನಿಂದಲೇ ಬರಬೇಕು. ಆ ಕಾಗದಕ್ಕೆ ಜೀವವಿದ್ದರೆ ಮಾತ್ರ ಈ ತಿಂಗಳ ಕೊನೆಯೊಳಗೆ ಅವಳು ಸೈನ್ಯದ ಮೂಲಕ ಎಂ.ಡಿ. ಸೀಟಿಗೆ ಅರ್ಜಿ ಹಾಕಬಹುದು. ಈ ಸಲ ತಪ್ಪಿದರೆ ಮುಂದಿನ ಅವಕಾಶ ಎರಡು ವರ್ಷದ ಮೇಲೆ, ಅಷ್ಟರಲ್ಲಿ ಅವಳ ಕಿರು ಅವಧಿಯ ನೌಕರಿಯೇ ಮುಗಿದಿರುತ್ತದೆ.

ಅವಳ ಹತ್ತಿರ ಇದ್ದದ್ದು ಮಿಲಿಟರಿ ಆಸ್ಪತ್ರೆಯ ತರಬೇತಿಗಳಲ್ಲಿ ಗಳಿಸಿದ ಹದಿನಾಲ್ಕು ಪಾಯಿಂಟ್. ಉಳಿದದ್ದಕ್ಕೆ ಏನು ದಾರಿ, ಯಾರ ಕಾಲು ಹಿಡಿಯಬೇಕು ಎಂದು ನೋಡಲೆಂದೇ ಹದಿನೈದು ದಿನದ ರಜೆ ಹಾಕಿ ಬಂದಿದ್ದಳು. ಹದಿನಾಲ್ಕು ಇರಬೇಕಾದ ಜಾಗದಲ್ಲಿ ಮೂವತ್ತೆರಡು ಹೇಗೆ ಬಂತು?

ಲಾಗಿನ್ ಆಗುವುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಒಟಿಪಿ ಹೋಗುತ್ತಿದ್ದದ್ದು ಅವಳ ಹಳೇ ನಂಬರಿಗೆ. ಸೈನ್ಯ ಸೇರುವಾಗ ಆ ಸಿಮ್ಮನ್ನು ಅಪ್ಪನಿಗೆ ಕೊಟ್ಟಿದ್ದಳು. ಭದ್ರಾವತಿಗೆ ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತಿದ.

"ಬಂತು ಬಂತು. ಏಳು, ಸೊನ್ನೆ, ನಾಲ್ಕು, ನಾಲ್ಕು, ಒಂದು, ಒಂಬತ್ತು. ಓಪನ್ ಆಯ್ತಾ? ಎಷ್ಟು ತೋರಿಸ್ತಿದೆ?"

"ಇರಪ್ಪ, ಇನ್ನೂ ತಿರುಗ್ತಾ ಇದೆ," ಎಂದು ಇಟ್ಟಿದ್ದಳು.

"ಮೇಡಂ, ಎರಡು ಜಾಸ್ತೀನೇ ಇದೆ. ಫೀಸು ಕಟ್ಟಿಬಿಡ್ಲಾ?" ಎಂದ ಸೆಂಟರಿನವನು.

"ಬೇಡ. ಅದನ್ನ ಬಿಡಿಸಿ ತೋರಿಸಿ."

ಬಿಡಿಸಿ ತೋರಿಸಿದ. ಒಂಬತ್ತು ಸಭೆ, ಒಂದೊಂದಕ್ಕೆ ಎರಡು ಪಾಯಿಂಟ್. ಎಲ್ಲ ಭಾನುವಾರ. ಎಲ್ಲ ಒಂದೇ ಕಡೆ: ತುಂಗಾತೀರ ವೈದ್ಯ ಸಂಘ, ಶಿವಮೊಗ್ಗ. ಎರಡು ವರ್ಷದ ಹಿಂದಿನ ಆಗಸ್ಟ್ ಇಪ್ಪತ್ತರಂದು ಡಾ. ಇಂಪನಾ ಎಂ. ಈ ಊರಿನಲ್ಲಿ ಕೂತು ಮಧುಮೇಹದ ಬಗ್ಗೆ ಉಪನ್ಯಾಸ ಕೇಳಿದ್ದರಂತೆ. ಅಲ್ಲಾ, ಅವತ್ತು ಗುಡ್ಡ ಕುಸಿದು ದಾರಿ ಮುಚ್ಚಿ, ಕೆಳಗಿನ ಆಸ್ಪತ್ರೆಗೆ ಕಳಿಸಲಾಗದೆ, ಇವಳೇ ಒಬ್ಬ ಸಿಪಾಯಿಯ ಸೀಳಿದ ತೊಡೆಯನ್ನು ಟಾರ್ಚ್ ಬೆಳಕಿನಲ್ಲಿ ಹೊಲಿದಿದ್ದಳು! ಆ ದಿನಾಂಕವನ್ನು ಅವಳು ಮರೆಯುವ ಹಾಗೇ ಇಲ್ಲ.

ಅಂದರೆ ತನ್ನ ಹೆಸರು, ತನ್ನ ನೋಂದಣಿ ಸಂಖ್ಯೆ ಇಟ್ಟುಕೊಂಡು ಈ ಊರಿನಲ್ಲಿ ಇನ್ನೊಬ್ಬ ಇಂಪನಾ ಓಡಾಡುತ್ತಿದ್ದಾಳೆ. ಬೋರ್ಡು ಹಾಕಿಕೊಂಡು ಎಲ್ಲಿ ಕೂತಿದ್ದಾಳೋ, ಯಾರಿಗೆ ಯಾವ ಇಂಜೆಕ್ಷನ್ ಚುಚ್ಚುತ್ತಿದ್ದಾಳೋ. ನಾಳೆ ಒಬ್ಬ ರೋಗಿ ಸತ್ತರೆ ಪೊಲೀಸರು ಹುಡುಕಿಕೊಂಡು ಬರುವುದು ಯಾರನ್ನು?

ಅವಳ ತಲೆಯಲ್ಲಿ ಒಂದೇ ಹೆಸರು ಬಂತು, ರೇಣುಕಾಪ್ರಸಾದ್. ಮೆಡಿಕಲ್ ಕಾಲೇಜಿನಲ್ಲಿ ಐದೂವರೆ ವರ್ಷ ಜೊತೆಗೆ ಓದಿದವನು, ಈಗ ವಿನೋಬನಗರದಲ್ಲಿ ಪುಟ್ಟ ನರ್ಸಿಂಗ್ ಹೋಮ್ ಇಟ್ಟಿದ್ದಾನೆ. ಮೂರು ವರ್ಷದ ಹಿಂದೆ ಅವನೇ ಫೋನ್ ಮಾಡಿ, "ಪರವಾನಗಿಗೆ ಇನ್ನೊಬ್ಬರು ಡಾಕ್ಟರ್ ಇದಾರೆ ಅಂತ ತೋರಿಸ್ಬೇಕು ಮಾರಾಯ್ತಿ, ನಿನ್ನ ಸರ್ಟಿಫಿಕೇಟ್ ಜೆರಾಕ್ಸ್ ಒಂದು ಕಳ್ಸು, ಬರೀ ಹೆಸರಿಗೆ," ಎಂದಿದ್ದ. ಆಗುವುದಿಲ್ಲ ಎಂದಿದ್ದಳು. ನಕ್ಕು ಸುಮ್ಮನಾಗಿದ್ದ. ಆ ನಗುವಿನ ಅರ್ಥ ಈಗ ಗೊತ್ತಾಯಿತಲ್ಲ!

ಆಟೋ ಹಿಡಿದು ವಿನೋಬನಗರಕ್ಕೆ ಹೋದಳು. ನರ್ಸಿಂಗ್ ಹೋಮಿನ ಎದುರು ಹಣ್ಣಿನ ಗಾಡಿಯ ಮರೆಯಲ್ಲಿ ಹತ್ತು ನಿಮಿಷ ನಿಂತು, ಬೋರ್ಡನ್ನು ಮೇಲಿಂದ ಕೆಳಗೆ ಓದಿದಳು. ಮೊದಲ ಹೆಸರು ಅವನದು. ಎರಡನೆಯದು ಅವನ ಹೆಂಡತಿ ಸೌಂದರ್ಯಳದು. ಮೂರನೇ ಸಾಲಿನ ಮೇಲೆ ಬಿಳೀ ಬಣ್ಣ ಬಳಿದಿತ್ತು. ಬಳಿದದ್ದೂ ಅರ್ಜೆಂಟಿನಲ್ಲಿ ಬಳಿದ ಹಾಗಿತ್ತು. ಅಡಿಯಿಂದ ಯಾವುದೋ ಅಕ್ಷರದ ಬಾಲ ಇಣುಕುತ್ತಿತ್ತು. ನಾನು ರಜೆಗೆ ಬಂದ ಸುದ್ದಿ ತಿಳಿದು ಬಳಿಸಿದ್ದಾನೆ, ಅಂದುಕೊಂಡಳು ಇಂಪನಾ.

"ಏ, ಮೇಜರ್ ಸಾಹೇಬ್ರು!" ರೇಣುಕಾಪ್ರಸಾದ್ ಎದ್ದು ಬಂದ. "ಯಾವಾಗ ಬಂದೆ? ಒಂದು ಫೋನ್ ಮಾಡ್ಬಾರ್ದಾ?"

"ಫೋನ್ ಮಾಡಿದ್ರೆ ಇನ್ನೇನೇನು ಅಳಿಸ್ತಿದ್ದೆ?"

"ಏನು ಅಳ್ಸೋದು?"

"ಬೋರ್ಡಲ್ಲಿ ಮೂರನೇ ಹೆಸರು ಯಾರದು?"

ಅವನು ಒಂದು ಕ್ಷಣ ಅವಳ ಮುಖ ನೋಡಿದ. "ಹಲ್ಲಿನ ಡಾಕ್ಟ್ರು ಒಬ್ರಿದ್ರು, ದೇವರಾಜ್ ಅಂತ. ಹೋದ ತಿಂಗಳು ಬಿಟ್ಟು ದಾವಣಗೆರೆಗೆ ಹೋದ್ರು. ಯಾಕೆ?"

ಇಂಪನಾ ಸೈಬರ್ ಸೆಂಟರಿನಲ್ಲಿ ತೆಗೆಸಿದ್ದ ಪ್ರಿಂಟನ್ನು ಮೇಜಿನ ಮೇಲೆ ಹಾಕಿ, ಒಳಗಿದ್ದದ್ದನ್ನೆಲ್ಲ ಕಕ್ಕಿಬಿಟ್ಟಳು. ತನ್ನ ಹೆಸರು ಪರವಾನಗಿಯಲ್ಲಿ ತೋರಿಸಿದ್ದಾನೆಂದೂ, ಅದನ್ನು ಯಾರೂ ಪ್ರಶ್ನಿಸದಿರಲಿ ಎಂದು ಯಾರನ್ನೋ ಸಭೆಗೆ ಕಳಿಸಿ ಪಾಯಿಂಟ್ ಹಾಕಿಸಿದ್ದಾನೆಂದೂ, ಗೆಳೆಯನಲ್ಲ ಕಳ್ಳನೆಂದೂ ಅಂದಳು. ಹೊರಗೆ ಕೂತಿದ್ದ ರೋಗಿಗಳು ಬಾಗಿಲ ಕಡೆ ತಿರುಗಿದರು. ರೇಣುಕಾಪ್ರಸಾದ್ ಗೋಡೆಯ ಮೇಲಿದ್ದ ಪರವಾನಗಿಯ ಚೌಕಟ್ಟನ್ನು ಮೊಳೆಯಿಂದ ತೆಗೆದು ಅವಳ ಮುಂದಿಟ್ಟ. ಅದರ ಜೊತೆಗೆ ಲಗತ್ತಿಸಿದ್ದ ಪಟ್ಟಿಯಲ್ಲಿ ಅವನ ಹೆಸರು, ಸೌಂದರ್ಯಳ ಹೆಸರು, ಎರಡು ನರ್ಸುಗಳ ಹೆಸರು ಇದ್ದವು. ಬೇರೇನೂ ಇರಲಿಲ್ಲ.

"ಕೇಳಿದ್ದು ಹೌದು, ತಪ್ಪೇ. ನೀನು ಬೇಡ ಅಂದೆ, ಅಲ್ಲಿಗೆ ಬಿಟ್ಟೆ," ಎಂದ. "ಸಂಘದ ಕಾರ್ಯದರ್ಶಿ ಷಡಕ್ಷರಪ್ಪನವರು. ಸಹಿ ಹಾಕಿಸಿದ ಹಾಳೆ ಒಂದೂ ಬಿಸಾಕಲ್ಲ ಅವ್ರು. ಹೋಗಿ ನೋಡು. ನನ್ನ ಕೈಬರಹ ನಿನಗೆ ಗೊತ್ತಲ್ಲ, ಐದು ವರ್ಷ ನನ್ನ ನೋಟ್ಸಲ್ಲೇ ಓದಿದೀಯ."

ಕ್ಷಮೆ ಕೇಳಬೇಕಿತ್ತು. ಆದರೆ ಅನುಮಾನ ಒಮ್ಮೆ ಹೊಕ್ಕಮೇಲೆ ಸುಲಭಕ್ಕೆ ಹೊರಗೆ ಹೋಗುತ್ತದೆಯೇ? ಪರವಾನಗಿಯಲ್ಲಿ ಇಲ್ಲದಿದ್ದರೆ ಔಷಧಿ ಚೀಟಿಯಲ್ಲಿ ಇರಬಹುದು ಎಂದುಕೊಂಡೇ ಮೆಟ್ಟಿಲಿಳಿದಳು.

ಡಾ. ಷಡಕ್ಷರಪ್ಪನವರ ಕ್ಲಿನಿಕ್ಕು ದುರ್ಗಿಗುಡಿಯ ಒಂದು ಹಳೇ ಕಟ್ಟಡದ ಮಹಡಿಯ ಮೇಲೆ. ಎಪ್ಪತ್ತು ದಾಟಿದ ಮನುಷ್ಯ, ಹಣೆಯ ಮೇಲೆ ವಿಭೂತಿ, ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಂಡು ಆಮೇಲೆ ಬಾಯಿ ತೆರೆಯುವವರು. ಇಂಪನಾ ಹೇಳಿದ್ದನ್ನೆಲ್ಲ ಕೇಳಿ, "ಬರೆದು ಕೊಡಮ್ಮ. ಬಾಯಿಮಾತಿನ ಮೇಲೆ ನಾನು ಬೀರು ತೆಗೆಯಲ್ಲ," ಎಂದರು.

ಬರೆದಳು. ಸಿಟ್ಟಿನಲ್ಲಿ ಬರೆದದ್ದು, ಒಂದು ಪುಟ ತುಂಬಿತು. ತನ್ನ ಹೆಸರಿನಲ್ಲಿ ಯಾರೋ ವೈದ್ಯರೆಂದು ನಟಿಸಿ ಮೋಸ ಮಾಡಿದ್ದಾರೆ, ಅವರು ಯಾರೇ ಆಗಿರಲಿ ಪೊಲೀಸರಿಗೆ ಒಪ್ಪಿಸಿ ಕಠಿಣ ಕ್ರಮ ತೆಗೆದುಕೊಳ್ಳಬೇಕು. 'ಯಾರೇ ಆಗಿರಲಿ' ಎನ್ನುವುದರ ಕೆಳಗೆ ಗೆರೆ ಎಳೆದಳು. ಸಹಿ ಹಾಕಿ, ಸೈನ್ಯದ ಅಭ್ಯಾಸದಂತೆ ಸಹಿಯ ಕೆಳಗೆ ತನ್ನ ಸೈನ್ಯದ ನಂಬರ್ ಬರೆದಳು. ಷಡಕ್ಷರಪ್ಪನವರು ಅದಕ್ಕೆ ಸಂಘದ ಮೊಹರು ಒತ್ತಿ, ತಾರೀಕು ಹಾಕಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಬೀರು ತೆಗೆದರು.

"ಒಂದು ವಿಚಿತ್ರ ನೋಡು," ಎಂದರು ಹಾಳೆ ತಿರುವುತ್ತಾ. "ಸಹಿ ಪಕ್ಕದಲ್ಲಿ ಊಟದ ಕೂಪನ್ ತಗೊಂಡಿದ್ದಕ್ಕೆ ಟಿಕ್ ಹಾಕ್ಬೇಕು. ಉಪನ್ಯಾಸ ತಪ್ಪಿಸಿ ಸರಿಯಾಗಿ ಊಟದ ಹೊತ್ತಿಗೆ ಬರೋ ಡಾಕ್ಟರುಗಳು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಉಪನ್ಯಾಸ ಕೇಳಿ ಊಟ ಬಿಟ್ಟು ಹೋದೋರು ಇವರೊಬ್ರೇ. ಒಂಬತ್ತು ಸಲಾನೂ ಕೂಪನ್ ಮುಟ್ಟಿಲ್ಲ. ಇದೆಂಥ ಕಳ್ಳತನ?"

ಊಟ ಬಿಟ್ಟು ಹೋಗುವ ಕಳ್ಳ! ಮುಖ ಜಾಸ್ತಿ ಹೊತ್ತು ತೋರಿಸಬಾರದೆಂಬ ಹುಷಾರು ಅದು, ಪಕ್ಕಾ ಖದೀಮರು, ಎಂದುಕೊಂಡು ಇಂಪನಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಸಹಿ ಇಂಗ್ಲಿಷಿನಲ್ಲಿತ್ತು. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದಿದ್ದರು, ಕಾಪಿ ಪುಸ್ತಕ ತಿದ್ದಿದ ಹಾಗೆ. ಅದರ ಕೆಳಗೆ, ಕಂಡೂ ಕಾಣದ ಹಾಗೆ, ಪುಟ್ಟದಾಗಿ ನಾಲ್ಕು ಅಂಕಿ. 2718.

ಎರಡನೇ ಹಾಳೆ. ಅಲ್ಲೂ 2718. ಮೂರನೆಯದು, ನಾಲ್ಕನೆಯದು, ಒಂಬತ್ತರಲ್ಲೂ.

"ಗೊತ್ತಾಯ್ತಾ ಯಾರು ಅಂತ?" ಷಡಕ್ಷರಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು.

"ಇಲ್ಲ ಸರ್."

"ಸರಿ. ಸೋಮವಾರ ಕಮಿಟಿ ಇದೆ. ಅಲ್ಲಿಟ್ಟು ಪೊಲೀಸ್ ಸ್ಟೇಷನ್‌ಗೆ ಕಳಿಸ್ತೀನಿ. ನಾಲ್ಕು ದಿನ ಟೈಮ್ ಇದೆ," ಎಂದರು. ನಾಲ್ಕು ದಿನ ಎಂದು ಯಾಕೆ ಒತ್ತಿ ಹೇಳಿದರು? ಅವರಿಗೂ ಏನೋ ವಾಸನೆ ಹತ್ತಿರಬೇಕು ಎಂದು ಅವಳಿಗೆ ಅನ್ನಿಸಿತು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಇಂಪನಾಗೆ ಹೊರಗಿನದೇನೂ ಕಾಣಲಿಲ್ಲ. ಆ ಅಂಕಿಯನ್ನು ಅವಳು ಓದು ಕಲಿಯುವ ಮೊದಲೇ ಕಲಿತಿದ್ದಳು. ಅವಳ ಸ್ಕೂಲಿನ ಊಟದ ಡಬ್ಬಿಯ ಮೇಲೆ ಮೊಳೆಯಿಂದ ಕೆತ್ತಿದ್ದು 2718. ಮನೆಯ ಸೈಕಲ್ಲಿನ ಮೇಲೆ, ಕೊಡೆಯ ಹಿಡಿಯ ಮೇಲೆ, ನೀರಿನ ಕ್ಯಾನಿನ ಮೇಲೆ 2718. ಅಪ್ಪ ದುಡಿಯುತ್ತಿದ್ದ ಭದ್ರಾವತಿಯ ಕಾರ್ಖಾನೆಯಲ್ಲಿ ಅವನ ಟೋಕನ್ ನಂಬರ್.

ಅಪ್ಪ ಮಂಜಪ್ಪ ಕಾಯಂ ಆಗುವ ಮೊದಲು ಹನ್ನೊಂದು ವರ್ಷ ಬದಲಿ ಕಾರ್ಮಿಕ. ಯಾರಾದರೂ ಕಾಯಂ ಕೆಲಸಗಾರ ರಜೆ ಹಾಕಿದರೆ ಅವನ ಬದಲಿಗೆ ಒಳಗೆ ಹೋಗಿ ಪಾಳಿ ಮಾಡಿ ಬರುವುದು. ಹಾಜರಿ ಪುಸ್ತಕದಲ್ಲಿ ರಜೆ ಹಾಕಿದವನ ಹೆಸರೇ ಬರೆಯಬೇಕು, ಕೆಳಗೆ ಚಿಕ್ಕದಾಗಿ ತನ್ನ ಟೋಕನ್ ನಂಬರ್ ಹಾಕಬೇಕು. ಆ ಸೆಕ್ಷನ್ನಿನಲ್ಲಿ ನಡೆದುಬಂದ ಪದ್ಧತಿ ಅದು. ಹೆಸರು ಅವರದು, ನಂಬರ್ ನನ್ನದು ಎಂದು ಅಪ್ಪ ಚಿಕ್ಕಂದಿನಲ್ಲಿ ಹೇಳುತ್ತಿದ್ದ.

ಹಾಗಾದರೆ ಅಪ್ಪ. ಆದರೆ ಯಾಕೆ? ಅನುಮಾನ ಈಗ ಮನೆಯ ಕಡೆಗೇ ತಿರುಗಿತು. ಅಪ್ಪ ತನ್ನ ನೋಂದಣಿಯನ್ನು ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾನೆಯೇ? ಭದ್ರಾವತಿಯ ಜನ್ನಾಪುರದಲ್ಲಿ ಮನೆಯ ಹತ್ತಿರವೇ ಒಂದು ಹೊಸ ಕ್ಲಿನಿಕ್ ಆಗಿದೆ ಎಂದು ಅಮ್ಮ ಹೇಳಿದ್ದು ನೆನಪಾಯಿತು. ಬೆಳಿಗ್ಗೆ ಫೋನಿನಲ್ಲಿ "ಎಷ್ಟು ತೋರಿಸ್ತಿದೆ" ಎಂದು ಕೇಳಿದ್ದು ಈಗ ಬೇರೆ ಥರ ಕೇಳಿಸಿತು. ಥೂ, ಹೆತ್ತ ಅಪ್ಪನ ಮೇಲೆ ಹೀಗೆಲ್ಲ ಯೋಚಿಸುವುದೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೂ ಜನ್ನಾಪುರದಲ್ಲಿ ಇಳಿದವಳು ನೆಟ್ಟಗೆ ಮನೆಗೆ ಹೋಗಲಿಲ್ಲ. ಆ ಹೊಸ ಕ್ಲಿನಿಕ್ಕಿನ ಬೋರ್ಡು ಓದಿ, ಅಲ್ಲಿ ಕೂತಿದ್ದವರು ಆಯುರ್ವೇದದವರೆಂದು ಖಾತ್ರಿ ಮಾಡಿಕೊಂಡೇ ಹೋದಳು.

ಅಮ್ಮ ಬಂಗಾರಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಅಂಗಡಿಗೆ ಹೋಗಿದ್ದ.

"ಅಮ್ಮ, ಅಪ್ಪ ಭಾನುವಾರ ಎಲ್ಲಿಗೆ ಹೋಗ್ತಾನೆ?"

ಅಮ್ಮನ ಕೈ ನಿಂತಿತು. "ನಿನಗೂ ಗೊತ್ತಾಯ್ತಾ?" ಎಂದು ದನಿ ತಗ್ಗಿಸಿದಳು. "ಎಲ್ಲಾ ಭಾನುವಾರ ಅಲ್ಲ ಕಣೇ. ಮೂರು ನಾಲ್ಕು ತಿಂಗಳಿಗೊಂದ್ಸಲ. ಬೆಳಿಗ್ಗೆನೇ ಇಸ್ತ್ರಿ ಶರ್ಟ್ ಹಾಕ್ಕೊಂಡು, ಜೇಬಿಗೆ ಪೆನ್ನು ಸಿಕ್ಕಿಸ್ಕೊಂಡು ಶಿವಮೊಗ್ಗದ ಬಸ್ಸು ಹತ್ತೋರು. ಮಧ್ಯಾಹ್ನ ಮೂರು ಗಂಟೆಗೆ ಹಸ್ಕೊಂಡು ಬರೋರು. ಎಲ್ಲಿಗ್ರೀ ಅಂದ್ರೆ ಡ್ಯೂಟಿ ಅನ್ನೋರು. ರಿಟೈರ್ ಆಗಿ ಆರು ವರ್ಷ ಆಯ್ತು, ಇನ್ನೆಂಥ ಡ್ಯೂಟಿ? ನಾನೂ ಏನೇನೋ ಅನುಮಾನ ಪಟ್ಟೆ. ಈ ವಯಸ್ಸಲ್ಲಿ ಇದೇನಪ್ಪ ಗ್ರಹಚಾರ ಅಂತ ಒಂದಿನ ಜೇಬೂ ಹುಡುಕ್ದೆ. ಬಸ್ ಟಿಕೆಟ್ ಬಿಟ್ರೆ ಏನೂ ಇರ್ಲಿಲ್ಲ."

ಅಷ್ಟರಲ್ಲಿ ಮಂಜಪ್ಪ ಗೇಟು ತೆಗೆದುಕೊಂಡು ಬಂದ, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಮಗಳನ್ನು ಕಂಡವನೇ ಕೇಳಿದ, "ಆಯ್ತಾ ರಿನೀವಲ್ಲು? ಮೂವತ್ತೆರಡು ಬಂದಿರ್ಬೇಕಲ್ಲ?"

ಇಂಪನಾ ಮೂವತ್ತೆರಡು ಎಂದು ಯಾರಿಗೂ ಹೇಳಿರಲಿಲ್ಲ.

"ಅಪ್ಪ, ಯಾರಿಗೆ ಕೊಟ್ಟೆ ನನ್ನ ನಂಬರ್ರು? ನಿಜ ಹೇಳು. ಯಾರು ನಿನ್ನನ್ನ ಕಳಿಸಿದ್ದು?"

"ಯಾರಿಗೂ ಕೊಟ್ಟಿಲ್ಲ," ಎಂದ ಅಪ್ಪ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಳಿಸಿದ್ದು ನೀನೇ ಅಲ್ವಾ?"

"ನಾನು?"

"ಹೂಂ. ನೀನು ಅಲ್ಲಿ ಬೆಟ್ಟದ ಮೇಲೆ ಹೋದ ಮೊದಲನೇ ಚಳಿಗಾಲ. ಈ ಸಿಮ್ಮಿಗೆ ಮೆಸೇಜ್ ಬಂದಿತ್ತು, ಭಾನುವಾರ ಮೀಟಿಂಗ್, ಎರಡು ಪಾಯಿಂಟ್ ಅಂತ. ಓದಿ ಹೇಳಿದೆ. ಆಗ ನೀನೇ ಅಂದಿದ್ದು, ನಾನೆಲ್ಲಿಂದ ಬರ್ಲಿ ಅಪ್ಪ, ನನ್ನ ಬದಲಿಗೆ ನೀನೇ ಹೋಗಿ ಕೂತ್ಕೊಂಡು ಬಾ, ನಿನಗೆ ಬದಲಿ ಮಾಡಿ ಅಭ್ಯಾಸ ಇದೆಯಲ್ಲ ಅಂತ. ನಾನು ಆಗ್ಲಿ ಅಂದೆ. ಆಮೇಲೆ ಲೈನ್ ಕಟ್ಟಾಯ್ತು. ನೀನೇ ಹೇಳಿದ ಡ್ಯೂಟಿ ಅಲ್ವಾ, ನಿನ್ನ ಹದಿನಾಲ್ಕರ ಮೇಲೆ ಇದೂ ಇದೆ ಅಂತ ನಿನಗೆ ಗೊತ್ತಿರುತ್ತೆ ಅಂದ್ಕೊಂಡು ಮತ್ತೆ ಮಾತೆತ್ತಲಿಲ್ಲ."

ಇಂಪನಾಗೆ ನೆನಪಾಯಿತು. ಬಂಕರಿನ ಫೋನು, ಹಿಂದೆ ಸಾಲು ನಿಂತ ಜನ, ಎರಡೇ ನಿಮಿಷದ ಸಮಯ. ನಕ್ಕು ಹೇಳಿದ್ದಳು. ತಮಾಷೆಗೆ ಹೇಳಿದ್ದಳು. ಬದಲಿ ಎಂಬುದು ಅಪ್ಪನ ಕಿವಿಗೆ ಯಾವತ್ತೂ ತಮಾಷೆಯ ಶಬ್ದವಲ್ಲ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ.

"ಅಲ್ಲಿ ಯಾರೂ ನಿನ್ನನ್ನ ಕೇಳ್ಲಿಲ್ವಾ?"

"ಮೇಜಿನ ಹತ್ರ ಔಷಧಿ ಕಂಪನಿ ಹುಡುಗ್ರು ಕೂತಿರ್ತಾರೆ. ಡಾಕ್ಟರ್ ಇಂಪನಾ ಕಡೆಯಿಂದ ಅಂದ್ರೆ ಸೈನ್ ಮಾಡಿ ಅಂತಿದ್ರು. ನಿನ್ನ ಸರ್ಟಿಫಿಕೇಟ್ ಜೆರಾಕ್ಸಲ್ಲಿ ಸಹಿ ಇತ್ತಲ್ಲ, ನೋಡ್ಕೊಂಡು ಹಾಕ್ತಿದ್ದೆ. ಆದ್ರೆ ಮಗಾ, ಸೈನ್ ಮಾಡಿ ಎದ್ದು ಬಂದಿಲ್ಲ ನಾನು. ಪೂರ್ತಿ ಕೂತಿದೀನಿ. ಬೇರೆ ಡಾಕ್ಟ್ರುಗಳು ಮಧ್ಯದಲ್ಲೇ ಎದ್ದು ಹೋಗ್ತಿದ್ರು, ನಾನು ಒಂದು ಸಲಾನೂ ಎದ್ದಿಲ್ಲ."

"ಊಟ ಯಾಕೆ ಮಾಡ್ಲಿಲ್ಲ?"

"ಊಟ ಡಾಕ್ಟ್ರಿಗಲ್ವಾ?" ಎಂದ ಅಪ್ಪ. "ಬದಲಿಯವ್ರಿಗೆ ಕ್ಯಾಂಟೀನ್ ಕೂಪನ್ ಇರಲ್ಲ."

ಅವನು ಒಳಗೆ ಹೋಗಿ ಟ್ರಂಕು ತೆಗೆದು ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದ. ಒಂಬತ್ತು ಉಪನ್ಯಾಸ, ಒಂಬತ್ತು ತಾರೀಕು. ಇಂಗ್ಲಿಷ್ ಶಬ್ದಗಳನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಂಡಿದ್ದ. 'ಸೆಪ್ಸಿಸ್. ಮೊದಲ ಒಂದು ಗಂಟೆ ಮುಖ್ಯ. ತಡ ಮಾಡಬಾರದು.' 'ಸಕ್ಕರೆ ಕಾಯಿಲೆ. ಪಾದ ನೋಡಬೇಕು, ರೋಗಿ ಹೇಳದಿದ್ದರೂ ನೋಡಬೇಕು.' ಗೊತ್ತಾಗದಿದ್ದ ಕಡೆ ಜಾಗ ಬಿಟ್ಟು, 'ಇಂಪನಾಗೆ ಗೊತ್ತಿರುತ್ತೆ' ಎಂದು ಬರೆದಿದ್ದ. ಇಂಪನಾ ಪುಸ್ತಕ ಮುಚ್ಚಿ ಒಳಗೆ ಹೋಗಿ, ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಬಾಯಿಗೆ ಕೈ ಒತ್ತಿ ಅತ್ತಳು.

ಹೊರಗೆ ಬಂದು ಎಲ್ಲ ಬಿಡಿಸಿ ಹೇಳಿದಳು. ಇದು ಕಾರ್ಖಾನೆಯ ಬದಲಿಯಲ್ಲ, ಕಾನೂನಿನ ಪ್ರಕಾರ ಮೋಸ. ಕೇಸಾಗುತ್ತದೆ, ತನ್ನ ನೋಂದಣಿಯೂ ರದ್ದಾಗಬಹುದು. ತಾನೇ ದೂರು ಬರೆದು ಕೊಟ್ಟು ಬಂದಿದ್ದೇನೆ, ಯಾರೇ ಆಗಿರಲಿ ಎಂದು ಗೆರೆ ಎಳೆದು ಬಂದಿದ್ದೇನೆ. ಮಂಜಪ್ಪ ತಲೆ ತಗ್ಗಿಸಿ ಕೇಳಿದ. ಆಮೇಲೆ ಒಂದೇ ಮಾತು ಕೇಳಿದ, "ನಿನ್ನ ಸೀಟು?"

"ಅದು ಆಮೇಲೆ. ನಾಳೆ ನನ್ನ ಜೊತೆ ಬಾ."

ಮರುದಿನ ಷಡಕ್ಷರಪ್ಪನವರ ಎದುರು ಇಬ್ಬರೂ ಕೂತರು. ಮಂಜಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ, ಇಸ್ತ್ರಿ ಶರ್ಟು, ಜೇಬಿನಲ್ಲಿ ಪೆನ್ನು. ಷಡಕ್ಷರಪ್ಪನವರು ಅವನನ್ನು ನೋಡಿದ ಕೂಡಲೇ ಗುರುತಿಸಿದರು. "ಕೊನೇ ಸಾಲಲ್ಲಿ ಬರ್ಕೊಳ್ತಾ ಕೂತಿರ್ತಿದ್ದೋರು ನೀವೇ ಅಲ್ವಾ? ಯಾವುದೋ ಹಳ್ಳಿ ಡಾಕ್ಟ್ರು, ಎಷ್ಟು ಶ್ರದ್ಧೆ ಅಂದುಕೊಂಡಿದ್ದೆ ನಾನು."

ಇಂಪನಾ ಎಲ್ಲ ಹೇಳಿದಳು. ಅವರು ಎಂದಿನಂತೆ ಪೂರ್ತಿ ಕೇಳಿಸಿಕೊಂಡು, ಡ್ರಾಯರಿನಿಂದ ಅವಳ ದೂರು ತೆಗೆದು ಮೇಜಿನ ಮೇಲಿಟ್ಟರು.

"ಒಂದು ದಾರಿ ಇದೆ. ಈ ಒಂಬತ್ತು ಭಾನುವಾರ ನೀನು ರಜೆ ಮೇಲೆ ಇಲ್ಲೇ ಇದ್ದೆ, ನಿನ್ನೆ ಏನೋ ಗೊಂದಲ ಆಯ್ತು ಅಂತ ಎರಡು ಸಾಲು ಬರ್ಕೊಡು. ಇದನ್ನ ಹರಿದು ಹಾಕ್ತೀನಿ. ಸೈನ್ಯದ ರಜೆ ಲೆಕ್ಕ ಇಲ್ಲಿ ಯಾರು ತೆಗೀತಾರೆ? ಪಾಯಿಂಟೂ ಉಳಿಯುತ್ತೆ, ಅಪ್ಪನೂ ಉಳೀತಾರೆ."

ಇಂಪನಾ ಅವರ ಮುಖವನ್ನೇ ನೋಡಿದಳು. ಇದು ಕರುಣೆಯೋ, ಪರೀಕ್ಷೆಯೋ? ಒಂಬತ್ತು ಸಲ ಮುಖ ನೋಡದೆ ಹಾಜರಿ ಹಾಕಿದ ಸಂಘದ ಮಾನ ಉಳಿಸುವ ಉಪಾಯವೋ? ನಿನ್ನೆಯಿಂದ ಎಲ್ಲರನ್ನೂ ಹೀಗೇ ನೋಡಿ ಅವಳ ಕಣ್ಣು ದಣಿದಿತ್ತು. ಆದರೂ, ದೇವರಾಣೆ, ಎರಡೇ ಸಾಲು. ಎಂ.ಡಿ. ಸೀಟು ಆ ಎರಡು ಸಾಲಿನ ಆಚೆಗಿತ್ತು. ಅವಳ ಕೈ ಪೆನ್ನಿನ ಕಡೆಗೆ ಹೋಯಿತು.

"ಸಾರ್," ಎಂದ ಮಂಜಪ್ಪ. "ಹಾಗೆ ಬರೆದ್ರೆ ನಾನು ಬಂದಿದ್ದೇ ಸುಳ್ಳಾಗುತ್ತಲ್ಲ ಸಾರ್. ಹನ್ನೊಂದು ವರ್ಷ ಬೇರೆಯವ್ರ ಹೆಸರಲ್ಲಿ ದುಡಿದೋನು ನಾನು. ಹೆಸರು ಹೋದ್ರೂ ಪರವಾಗಿಲ್ಲ, ನಂಬರ್ ಹೋಗ್ಬಾರ್ದು. ತಪ್ಪಾಗಿದ್ರೆ ನಂದೇ ಅಂತ ಬರ್ಕೊಳಿ."

ಇಂಪನಾ ಪೆನ್ನು ತೆಗೆದುಕೊಂಡಳು. ಈ ಒಂಬತ್ತು ಸಭೆಗಳಿಗೆ ನಾನು ಬಂದಿಲ್ಲ, ಹದಿನೆಂಟು ಪಾಯಿಂಟ್ ನನ್ನವಲ್ಲ, ಅವನ್ನು ತೆಗೆದುಹಾಕಬೇಕು ಎಂದು ಕೌನ್ಸಿಲ್ಲಿಗೆ ಬರೆದಳು. ಬಂದವರು ನನ್ನ ತಂದೆ ಮಂಜಪ್ಪ. ಅವರು ಬಂದದ್ದು ನನ್ನ ಮಾತಿನ ಮೇಲೆ. ಆ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಳು. ತಮಾಷೆಗೆ ಹೇಳಿದ್ದೆ ಎಂದು ಬರೆಯಲಿಲ್ಲ.

ಮಂಜಪ್ಪ ಪಕ್ಕದಲ್ಲಿ ತನ್ನ ಹೆಸರು ಬರೆದ, ಕನ್ನಡದಲ್ಲಿ. ಕೆಳಗೆ ನಂಬರ್ ಹಾಕಲು ಹೋದ ಕೈಯನ್ನು ತಡೆದು, "ಇಲ್ಲಿ ಬೇಡ ಅಲ್ವಾ ಸಾರ್? ಇದು ನನ್ನದೇ ಸಹಿ," ಎಂದ.

ಷಡಕ್ಷರಪ್ಪನವರು ಮೊಹರು ಒತ್ತಿದರು. "ನಮ್ಮ ತಪ್ಪನ್ನೂ ಒಂದು ಪುಟ ಬರೆದು ಇದರ ಜೊತೆ ಕಳಿಸ್ತೀನಿ. ನಾನು ಪೊಲೀಸಿನವರ ಹತ್ರ ಹೋಗಲ್ಲ. ಕೌನ್ಸಿಲ್‌ನವ್ರು ಏನು ಮಾಡ್ತಾರೋ ನನಗೆ ಗೊತ್ತಿಲ್ಲಮ್ಮ. ಸುಳ್ಳು ಭರವಸೆ ಕೊಡಲ್ಲ," ಎಂದರು. ನಿನ್ನೆಯಿಂದ ಇಂಪನಾ ಅನುಮಾನವಿಲ್ಲದೆ ನಂಬಿದ ಮೊದಲ ಮಾತು ಅದು.

ಮೆಟ್ಟಿಲಿಳಿದು ಬಿಸಿಲಿಗೆ ಬಂದಾಗ ಅವಳು ರೇಣುಕಾಪ್ರಸಾದನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಆಗಲೂ ಎತ್ತಲಿಲ್ಲ. ಕ್ಷಮೆ ಕೇಳಲು ಅವನ ಮನೆಗೇ ಹೋಗಬೇಕು ಎಂದುಕೊಂಡು ಫೋನು ಒಳಗಿಟ್ಟಳು.

ಬಸ್ ಸ್ಟಾಂಡಿನಲ್ಲಿ ಅಪ್ಪ ಕೇಳಿದ, "ಹಾಗಾದ್ರೆ ಸೀಟು ಹೋಯ್ತಾ?"

"ಹೋಯ್ತು."

"ನನ್ನಿಂದ."

"ನನ್ನ ಬಾಯಿಂದ ಅಪ್ಪ. ನಾನು ಹೇಳಿದ್ದನ್ನ ನೀನು ಮಾಡಿದೆ ಅಷ್ಟೇ." ಬಸ್ಸಿನ ದಾರಿ ನೋಡುತ್ತಾ ಹೇಳಿದಳು, "ಈ ಭಾನುವಾರ ಸಂಘದಲ್ಲಿ ಮೀಟಿಂಗ್ ಇದೆಯಂತೆ. ನಾನೇ ಹೋಗ್ತೀನಿ. ಎರಡು ಪಾಯಿಂಟಿಂದ ಏನೂ ಆಗಲ್ಲ, ಆದ್ರೂ ಹೋಗ್ತೀನಿ. ನೀನು ಮನೇಲಿರು."

ಮಂಜಪ್ಪ ತಲೆಯಾಡಿಸಿದ. ಭದ್ರಾವತಿಯ ಬಸ್ಸು ಬಂದು ನಿಂತು, ಇಬ್ಬರಿಗೂ ಸೀಟು ಸಿಕ್ಕಿ, ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಹೋದ ಮೇಲೆ, ಅವನು ಚೀಲದಿಂದ ಆ ನೋಟ್‌ಬುಕ್ಕನ್ನು ತೆಗೆದು ಮಗಳ ತೊಡೆಯ ಮೇಲಿಟ್ಟ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೊರಡುವವನು ಬಂದವನಿಗೆ ಎಲ್ಲಿಗೆ ನಿಂತಿದೆ ಎಂದು ಹೇಳಿಯೇ ಹೊರಡಬೇಕು. ಅಪ್ಪ ಕೊನೆಯ ಪುಟ ಬಿಡಿಸಿ ಬೆರಳಿಟ್ಟು ತೋರಿಸಿದ.

"ಹೋದ ಸಲ ಇಲ್ಲಿಗೆ ನಿಂತಿತ್ತು ಮಗಾ. ಒಬ್ಬ ಡಾಕ್ಟ್ರು ಒಂದು ಪ್ರಶ್ನೆ ಕೇಳಿದ್ರು, ಉತ್ತರ ಮುಂದಿನ ಸಲ ಹೇಳ್ತೀವಿ ಅಂದ್ರು. ಬರ್ಕೊಂಡಿದೀನಿ ನೋಡು. ಮರೀದೆ ಕೇಳು. ಮತ್ತೆ, ಊಟ ಮಾಡ್ಕೊಂಡೇ ಬಾ."